ಐದು ಸಲ ಗುಡಿಸಿದ ಲಾಯ

ನನ್ನ ಭಾವ ನೋಡಿಕೊಳ್ಳುವ ಕುದುರೆ ಲಾಯದಲ್ಲಿ ನೆಲದ ಮೇಲೇ ಬಡಿಸಿಕೊಂಡು ಊಟ ಮಾಡಬಹುದು ಎಂದು ಅಕ್ಕ ಹೇಳುತ್ತಿದ್ದಳು. ಅದು ಹೊಗಳಿಕೆಯಲ್ಲ. ಮನೆಯಲ್ಲಿ ಅವರ ಕಣ್ಣಿಗೆ ಪೊರಕೆ ಕಂಡದ್ದೇ ಇಲ್ಲ.

ಸವಾರಿ ಕಲಿಸುವ ಆ ಶಾಲೆಯಲ್ಲಿ ಭಾವನದು ಇಪ್ಪತ್ತಾರು ವರ್ಷದ ಚಾಕರಿ. ಅಲ್ಲಿನ ಬೂದುಬಣ್ಣದ ಮುದಿ ಹೆಣ್ಣುಕುದುರೆಯನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದರು. ಊರಿನ ಅರ್ಧ ಮಕ್ಕಳು ಸವಾರಿ ಕಲಿತದ್ದು ಅವಳ ಬೆನ್ನ ಮೇಲೆ. ನಾನು ಬೀಳುವುದನ್ನಷ್ಟೇ ಕಲಿತೆ.

ಆ ವರ್ಷ ಅಜ್ಜಿಗೆ ಕೆಮ್ಮು ಹಿಡಿಯಿತು. ನಿಂತಲ್ಲೇ ಪಕ್ಕೆ ಕುಲುಮೆಯ ತಿದಿಯಂತೆ ಒತ್ತುತ್ತಿತ್ತು. ಒಣಹುಲ್ಲಿನ ಧೂಳು, ಬೂಷ್ಟು ಅವಳ ಶ್ವಾಸಕೋಶಕ್ಕೆ ಆಗುತ್ತಿಲ್ಲ, ಧೂಳು ತಗ್ಗದೆ ಔಷಧಿಯೊಂದರಿಂದಲೇ ಏನೂ ಆಗದು ಎಂದರು ಡಾಕ್ಟರು. ಗಡಿಯಾರ ಹಿಡಿದು ಪಕ್ಕೆಯ ಏರಿಳಿತ ಎಣಿಸಿದರೆ ನಿಮಿಷಕ್ಕೆ ಮೂವತ್ತಾರು. ಹದಿನೈದು ದಿನದಲ್ಲಿ ಅದು ಇಪ್ಪತ್ತಕ್ಕೆ ಇಳಿಯಬೇಕು.

"ಇಳೀಲಿಲ್ಲ ಅಂದ್ರೆ ನರಳಿಸೋದು ಬೇಡ," ಎಂದರು. ಶಾಲೆಯ ಯಜಮಾನಿ ತಲೆಯಾಡಿಸಿದರು. ಅದರರ್ಥ ಏನೆಂದು ಯಾರೂ ಬಿಡಿಸಿ ಕೇಳಲಿಲ್ಲ.

ಭಾವ ಹುಲ್ಲನ್ನು ನೀರಿನಲ್ಲಿ ನೆನೆಸಿ ತಿನ್ನಿಸಿದರು. ಹಾಸಿದ್ದ ಒಣಹುಲ್ಲು ತೆಗೆದು, ಬಡಗಿಯ ಹತ್ತಿರ ಬೇಡಿ ತಂದ ಮರ ಹೆರೆದ ಸುರುಳಿ ಹಾಸಿದರು. ಆದರೂ ಹತ್ತು ದಿನಕ್ಕೆ ಮೂವತ್ತಾರು ಮೂವತ್ತನಾಲ್ಕಾಗಿತ್ತು, ಅಷ್ಟೇ. ಮಧ್ಯಾಹ್ನ ತಾನು ಒರಗಿಕೊಂಡರೆ ತನ್ನ ಉಸಿರನ್ನೂ ಎಣಿಸುತ್ತಾರೆಂದು ಅಕ್ಕ ದೂರು ಹೇಳಿದಳು.

ಹನ್ನೊಂದನೆಯ ದಿನ ನಾನು ಸಮಾಧಾನ ಹೇಳಲು ಹೋದೆ. ಸಮಾಧಾನಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸೀನು ಬಂತು. ಒಂದಲ್ಲ, ಏಳು. ಕಣ್ಣೊರೆಸಿಕೊಂಡು ನೋಡಿದರೆ ಭಾವ ಗುಡಿಸುತ್ತಿದ್ದಾರೆ. ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಧೂಳು ಹೊಗೆಯಂತೆ ನಿಂತಿದೆ. ಅದರ ನಡುವೆ ಕಟ್ಟಿಹಾಕಿದ ಅಜ್ಜಿ ಮೂಗಿನ ಹೊಳ್ಳೆ ಅರಳಿಸಿ ಉಸಿರೆಳೆಯುತ್ತಿದ್ದಾಳೆ.

"ದಿನಕ್ಕೆ ಎಷ್ಟು ಸಲ ಗುಡಿಸ್ತೀರಿ ಭಾವ?"

"ಮೊದಲು ಎರಡು ಸಲ. ಡಾಕ್ಟ್ರು ಧೂಳು ಅಂದಮೇಲೆ ಐದು ಸಲ."

"ಇವಳನ್ನ ಆಚೆ ಕಟ್ಟೋದಲ್ವಾ?"

"ಒಬ್ಬಳೇ ಇದ್ರೆ ಹೆದರ್ತಾಳಪ್ಪ. ಇಲ್ಲಾದ್ರೆ ನಾನು ಕಣ್ಣೆದುರಿಗೇ ಇರ್ತೀನಿ."

ಮಾತು ಮುಗಿಯುವ ಹೊತ್ತಿಗೆ ಅವರ ಕಣ್ಣು ಬಿಸಿಲಿನತ್ತ ಹೋಯಿತು. ಅಲ್ಲೇ ನಿಂತಿತು. ಪೊರಕೆ ಗೋಡೆಗೊರಗಿಸಿ, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತರು. ಸತ್ತವರ ಮನೆಯಲ್ಲೂ ಬಾಯಿ ಬಿಗಿಹಿಡಿಯಲಾರದ ನಾನು ಅಂದು ಅಜ್ಜಿಯ ಹಗ್ಗವನ್ನಷ್ಟೇ ಬಿಚ್ಚಿದೆ.

ಅಂದು ಸಂಜೆಯೊಳಗೆ ಅಜ್ಜಿ ಅಂಗಳದ ತಗಡಿನ ಮಾಡಿನ ಕೆಳಗಿದ್ದಳು. ಜೊತೆಗಿರಲೆಂದು ಇನ್ನೊಂದು ಕುದುರೆಯನ್ನು ಬೇಲಿಯಾಚೆ ಕಟ್ಟಿದರು, ಅದರ ಹುಲ್ಲನ್ನೂ ನೆನೆಸಿದರು. ಮಾರನೆಯ ದಿನ ಮೂವತ್ತನಾಲ್ಕೇ ಇತ್ತು. ಹದಿಮೂರನೆಯ ದಿನ ಇಪ್ಪತ್ತೊಂಬತ್ತು. ಹದಿನಾಲ್ಕನೆಯ ದಿನ ಇಪ್ಪತ್ತಾರು. ಭಾವ ಬೆರಳು ಮಡಚಿ ನೋಡಿಕೊಂಡರು. ಒಂದೇ ದಿನದಲ್ಲಿ ಆರು ಇಳಿಯುವುದುಂಟೇ?

ಹದಿನೈದನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು ಗಡಿಯಾರ ಹಿಡಿದರು. ಭಾವ ಬೇಲಿಯತ್ತ ಮುಖ ಮಾಡಿ ನಿಂತರು. ಅವರ ಪರವಾಗಿ ಎಣಿಸುತ್ತೇನೆಂದು ಹೊರಟ ನಾನು ಒಂಬತ್ತಕ್ಕೇ ತಪ್ಪಿದೆ.

"ಇಪ್ಪತ್ತಮೂರು."

ಯಜಮಾನಿ ಡಾಕ್ಟರ ಮುಖ ನೋಡಿದರು. ಡಾಕ್ಟರು ತಮ್ಮ ಸೂಜಿಮದ್ದಿನ ಚೀಲದ ಕಡೆಗೆ ನೋಡಿದರು. ಅಜ್ಜಿ ಒಮ್ಮೆ ಕೆಮ್ಮಿದಳು.

"ಡಾಕ್ಟ್ರೇ," ಎಂದರು ಭಾವ, ತಿರುಗದೆಯೇ. "ಹನ್ನೊಂದು ದಿನ ಇವಳನ್ನ ಒಳಗೆ ಕಟ್ಟಿ ಧೂಳು ಎಬ್ಬಿಸಿದ್ದು ನಾನು. ದಿನಕ್ಕೆ ಐದು ಸಲ. ಇವಳಿಗೆ ಒಳ್ಳೆ ಗಾಳಿ ಸಿಕ್ಕಿದ್ದು ನಾಲ್ಕೇ ದಿನ."

ಕಳೆದುಹೋದ ಕೊಡೆಯನ್ನೂ ತಾನು ಕಳೆದದ್ದಲ್ಲ ಎಂದು ಹನ್ನೆರಡು ವರ್ಷದಿಂದ ವಾದಿಸುತ್ತಿರುವ ಮನುಷ್ಯ ಇವರು. ಡಾಕ್ಟರು ಬಹಳ ಹೊತ್ತು ಅಜ್ಜಿಯ ಪಕ್ಕೆಯನ್ನೇ ನೋಡಿ, ಗಡಿಯಾರವನ್ನು ಜೇಬಿಗೆ ಹಾಕಿಕೊಂಡರು.

"ಹಾಗಾದ್ರೆ ಇವಳ ಹದಿನೈದು ದಿನದಲ್ಲಿ ಇನ್ನೂ ಹನ್ನೊಂದು ಬಾಕಿ ಇದೆ. ಆದ್ರೆ ಇದು ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ. ಇವಳು ಇರೋವರೆಗೂ ಆಚೆನೇ ಇರಬೇಕು, ದಿನಾ ಹುಲ್ಲು ನೆನೆಸಬೇಕು. ಯಾರು ಮಾಡ್ತಾರೆ?"

ಭಾವ ಆಗಲೇ ಹುಲ್ಲಿನ ಕಟ್ಟು ಹೊತ್ತು ಕೊಳಾಯಿಯ ಕಡೆಗೆ ನಡೆದಿದ್ದರು.