ಏಸಿ ಕೋಣೆಯ ಬಾಗಿಲು

2006ರಲ್ಲಿ ನಾನು ಹೊಸಪೇಟೆಯ ಒಂದು ಬಂಗಲೆಯಲ್ಲಿ ಅಡಿಗೆಯವಳಾಗಿದ್ದೆ. ಮನೆಯವರು ಸಂಡೂರು ಕಡೆಯ ರೈತರು. ಹೊಲದಲ್ಲಿ ಅದಿರು ಸಿಕ್ಕಿದ ಮೇಲೆ ಪೇಟೆ ಸೇರಿದವರು. ಮೊದಮೊದಲು ಯಜಮಾನಿಯೇ ನನ್ನ ಜೊತೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೆಟ್ಟವಳೇನಲ್ಲ.

ಅವಳ ಮಗ ವಿನಯ, ನನ್ನ ಮೊಮ್ಮಗಳು ರೇಣುಕಾ, ಇಬ್ಬರೂ ಹತ್ತನೇ ಕ್ಲಾಸು. ರೇಣುಕಾಳ ಸರ್ಕಾರಿ ಶಾಲೆಯಲ್ಲಿ ಆ ವರ್ಷ ಲೆಕ್ಕಕ್ಕೆ ಮೇಷ್ಟ್ರೇ ಇರಲಿಲ್ಲ. ಪಾಸಾದರೆ ನರ್ಸ್ ಕೆಲಸ ಕಲಿಯುತ್ತೇನೆ ಎನ್ನುತ್ತಿದ್ದಳು. ಇಲ್ಲದಿದ್ದರೆ ನನ್ನ ಹಾಗೆ ಒಲೆಯೇ ಗತಿ. ವಿನಯನಿಗೆ ಮಾತ್ರ ಸಂಜೆ ಮನೆಗೇ ಲೆಕ್ಕದ ಮೇಷ್ಟ್ರು ಬರುತ್ತಿದ್ದರು. ನಡುಮನೆಯಲ್ಲಿ ಪಾಠ.

ರೇಣುಕಾಳೂ ಕೂತು ಪಾಠ ಕೇಳಲೇ ಎಂದು ಯಜಮಾನಿಯನ್ನು ಕೇಳಿದೆ. "ಹೊಸ್ತಿಲ ಹತ್ರ ಕುಂದ್ರಲಿ ಬಿಡು ಈರಮ್ಮ. ನಮಗೇನು ಖರ್ಚದ?" ಅಂದಳು.

ರೇಣುಕಾ ಹೊಸ್ತಿಲ ಆಚೆ ಚಾಪೆ ಹಾಸಿಕೊಂಡು ಕೂತಳು. ವಾರ ಕಳೆಯುವುದರೊಳಗೆ ಅರ್ಥವಾಗದ್ದನ್ನು ಕೇಳತೊಡಗಿದಳು. ತಿಂಗಳಾಗುವ ಹೊತ್ತಿಗೆ ಮೇಷ್ಟ್ರು ತಮ್ಮ ಕುರ್ಚಿಯನ್ನೇ ಬಾಗಿಲ ಕಡೆ ತಿರುಗಿಸಿಕೊಂಡಿದ್ದರು. ನನಗೆ ಅದು ಅಡಿಗೆಮನೆಯಿಂದ ಕಾಣುತ್ತಿತ್ತು. ಯಜಮಾನಿಗೂ ಕಾಣುತ್ತಿತ್ತು.

ಒಂದು ಸಂಜೆ ಮೇಷ್ಟ್ರು ಹೇಳಿದರು: "ಲೇ ತಮ್ಮಾ, ನೀ ಆಕಳಸ್ತಿ, ಅಕಿ ಕೇಳ್ತಾಳ. ಯಾರಿಗೆ ಹೇಳ್ಲೋ ನಾನು?"

"ಅಕಿಗೇ ಹೇಳ್ರಿ ಸಾರ್, ನಾ ಒಂಚೂರು ಅಡ್ಡಾಗ್ತೀನಿ," ಅಂದ ಹುಡುಗ.

ಮೇಷ್ಟ್ರು ನಕ್ಕರು, ನಾನೂ ನಕ್ಕೆ. ಯಜಮಾನಿ ನಗಲಿಲ್ಲ.

ಮರುದಿನದಿಂದ ಪಾಠ ಮಹಡಿಯ ಏಸಿ ಕೋಣೆಗೆ ಹೋಯಿತು. ರೇಣುಕಾ ಪುಸ್ತಕ ಹಿಡಿದು ಮೆಟ್ಟಿಲು ಹತ್ತಿ ನೋಡಿದಳು. ಬಾಗಿಲು ಹಾಕಿತ್ತು.

"ಏನವ್ವ ಇದು?" ಅಂದೆ ಯಜಮಾನಿಗೆ.

"ಏಸಿ ಹಾಕಿದ್ಮ್ಯಾಲ ಬಾಗಿಲ ತೆಗೆದಿಡಾಕ ಬರಂಗಿಲ್ಲ ಈರಮ್ಮ. ತಂಪೆಲ್ಲ ಹೊರಗ ಹೋಗ್ತದ."

"ಹಂಗಾರ ಒಳಗ ಒಂದು ಮೂಲ್ಯಾಗ ಕುಂದ್ರಲಿ."

ಅವಳು ಒಳಗೆ ಹೋಗಿ ಬೀರು ತೆಗೆದಳು. ನನಗೊಂದು ಹೊಸ ಸೀರೆ ಕೊಟ್ಟಳು. ತೆಗೆದುಕೊಂಡೆ. ಸೀರೆ ಬೇಕಿತ್ತು.

ಪರೀಕ್ಷೆಯಲ್ಲಿ ಇಬ್ಬರೂ ಲೆಕ್ಕದಲ್ಲಿ ಫೇಲಾದರು. ವಿನಯನಿಗೆ ಅದೇ ಮೇಷ್ಟ್ರು ಮತ್ತೆ ಬರತೊಡಗಿದರು. ನಾನು ಇನ್ನೊಮ್ಮೆ ಬಾಯಿ ಬಿಟ್ಟು ಕೇಳಿದೆ.

"ಇನ್ನೆಷ್ಟು ದಿನ ಓದಸ್ತಿ ಈರಮ್ಮ? ನಮ್ಮಲ್ಲಿಗೇ ಕಳಸು, ಪಾತ್ರಿ ತೊಳೀಲಿ. ಮನಿಮಗಳಂಗ ನೋಡ್ಕೋತೀನಿ."

"ಮನಿಮಗ ಮ್ಯಾಲ ಏಸಿಯಾಗ ಕುಂತಾನ್ರಿ, ಮಗಳ್ಯಾಕ ಬಚ್ಚಲದಾಗ?" ಅಂದೆ. ಆ ತಿಂಗಳ ಸಂಬಳ ತೆಗೆದುಕೊಂಡು ಕೆಲಸ ಬಿಟ್ಟೆ.

ಹುಡುಗ ಎರಡನೇ ಸಲ ಪಾಸಾಗಿ ಕಾಲೇಜಿಗೆ ಹೋದ. ರೇಣುಕಾ ತಾನೇ ಓದಿಕೊಂಡು ಇನ್ನೆರಡು ಸಲ ಪರೀಕ್ಷೆಗೆ ಕೂತಳು, ಆಗಲಿಲ್ಲ. ಈಗ ಕಡ್ಡಿರಾಂಪುರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ.

ಆ ಮನೆಯವರು ಜಿಪುಣರೆಂದರೆ ಸುಳ್ಳಾಗುತ್ತದೆ. ಸೀರೆ ಕೊಟ್ಟರು, ಜೋಳ ಕೊಟ್ಟರು, ನನಗೆ ಜ್ವರ ಬಂದಾಗ ಆಸ್ಪತ್ರೆಗೂ ಸೇರಿಸಿದರು. ಕೊಟ್ಟರೂ ಅವರಿಗೆ ಕಡಿಮೆಯಾಗದ್ದನ್ನೆಲ್ಲ ಕೊಟ್ಟರು. ಪಾಠವೂ ಕೊಟ್ಟರೆ ಕಡಿಮೆಯಾಗುವಂಥದ್ದಲ್ಲ. ಆದರೆ ಅದನ್ನು ಪಡೆದ ಅಡಿಗೆಯವಳ ಮೊಮ್ಮಗಳು ಒಂದು ದಿನ ಅವರ ಮಗನ ಪಕ್ಕದ ಕುರ್ಚಿಯಲ್ಲಿ ಕೂರಬಹುದಿತ್ತು. ಉಳ್ಳವರ ಮನೆಯಲ್ಲಿ ಅಷ್ಟು ವರ್ಷ ಬಡಿಸಿ ನಾನು ಕಲಿತದ್ದು ಇದು: ತಟ್ಟೆ ಯಾರಾದರೂ ಕೊಡುತ್ತಾರೆ, ಪಂಕ್ತಿಯಲ್ಲಿ ಜಾಗ ಕೊಡುವುದಿಲ್ಲ.