ಕ್ಲಬ್ಬಿನ ಗೂಟದ ಕೋಟು

ಮೊನ್ನೆ ಮೈಸೂರಿನ ಕ್ಲಬ್ಬೊಂದರಲ್ಲಿ ಆರತಕ್ಷತೆ. ಕೋಟಿಲ್ಲವೆಂದು ನನ್ನ ಮೊಮ್ಮಗನನ್ನು ಬಾಗಿಲಲ್ಲೇ ತಡೆದರು. ಬೇಕಾದರೆ ಅವರೇ ಒಂದು ಕೊಡುತ್ತಾರಂತೆ. ಅದನ್ನು ಕೊಡವಿದಾಗ ನುಸಿಗುಳಿಗೆಯ ವಾಸನೆ ಬಂತು ನೋಡಿ, ನನಗೆ ಇನ್ನೊಂದು ಕ್ಲಬ್ಬಿನ ಕೋಟು ನೆನಪಾಯಿತು.

ಐವತ್ತರ ದಶಕದ ಮಾತು. ನನ್ನ ಗಂಡ ಚಾಮರಾಜನಗರದಲ್ಲಿ ಹೊಸದಾಗಿ ಓವರ್ಸಿಯರ್ ಆಗಿದ್ದರು. ಅಲ್ಲಿ ಆಫೀಸರುಗಳ ಕ್ಲಬ್ಬೊಂದಿತ್ತು. ಒಳಗೆ ಹೋಗಲು ಕೋಟು, ತಲೆಗೆ ರುಮಾಲು, ಬೂಟು ಇರಲೇಬೇಕು. ಇವರಿಗೆ ಮೊದಲ ಸಲ ಕರೆ ಬಂತು, ಸಂಗೀತ ಕಚೇರಿಗೆ. ನಾನಂತೂ ಮದುವೆಯ ಸೀರೆ ಉಟ್ಟು ಮಧ್ಯಾಹ್ನದಿಂದಲೇ ಬೆವರುತ್ತಾ ಕೂತಿದ್ದೆ.

ಹೊರಡುವಾಗ ನೋಡಿದರೆ ಇವರ ಉಣ್ಣೆ ಕೋಟು ಹಿತ್ತಿಲ ತಂತಿಯ ಮೇಲೆ ಮುದುಡಿ ಮಗುವಿನ ಅಂಗಿಯಷ್ಟಾಗಿತ್ತು. ಹಿಂದಿನ ವಾರ ಇವರ ಮೇಲಧಿಕಾರಿ, ಎಂಜಿನಿಯರ್ ಸಾಹೇಬರು ತೀರಿಕೊಂಡಾಗ ಇವರು ಆ ಕೋಟಿನಲ್ಲೇ ಮಣ್ಣಿಗೆ ಹೋಗಿದ್ದರು. ಗುಂಡ್ಲುಪೇಟೆಯಿಂದ ಬಂದಿದ್ದ ನಮ್ಮತ್ತೆ ಅಂದೇ ಅದನ್ನು ಹಂಡೆಯ ಬಿಸಿನೀರಿನಲ್ಲಿ ಅದ್ದಿ ಹೊರಗೇ ಬಿಟ್ಟಿದ್ದರು.

"ಸಾವಿನ ಮನೆ ಬಟ್ಟೆ ಕಣಮ್ಮಿ. ಅಂಗೇ ಒಳಿಕ್ಕೆ ತಂದ್ಬುಟ್ರೆ ಅದೂ ಜೊತೇಲೇ ಬತ್ತದೆ," ಎಂದರು. 'ಅದು' ಎಂದರೆ ಏನೆಂದು ನಾನು ಕೇಳಲಿಲ್ಲ.

ಕೋಟಿಲ್ಲದೆಯೇ ಹೋದೆವು. ಬಾಗಿಲ ಜವಾನ, "ಇಂಗೆ ಬುಡಾಕಿಲ್ಲ ಸ್ವಾಮಿ. ಇದ್ನ ಆಕ್ಕಳಿ, ಓಗೋವಾಗ ಕೊಟ್ಬುಡಿ," ಎಂದು ಗೂಟದಲ್ಲಿದ್ದ, ನುಸಿಗುಳಿಗೆ ನಾರುತ್ತಿದ್ದ ಕೋಟೊಂದನ್ನು ತೊಡಿಸಿದ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

ಹೆಂಗಸರಿಗೆ ಬೇರೆ ಸಾಲು. ಇವರು ಒಳಬಂದಾಗ ಗಂಡಸರೆಲ್ಲ ಅರೆಗಳಿಗೆ ಎದ್ದು, ಮತ್ತೆ ಕೂತರು. ನನ್ನ ಪಕ್ಕದಾಕೆ ಮೆಲ್ಲಗೆ, "ಅದು ಎಂಜಿನಿಯರ್ ಸಾಹೇಬರ ಕೋಟಲ್ಲವೇ?" ಎಂದಳು. ಆಚೆಯವಳು ಗದರಿದಳು: "ಶ್! ಇಲ್ಲಿ ಒಬ್ಬರ ಬಟ್ಟೆ ಬಗ್ಗೆ ಇನ್ನೊಬ್ಬರು ಮಾತಾಡಬಾರದು." ಎಲ್ಲರೂ ಎಷ್ಟು ಸಭ್ಯರೆಂದರೆ, ಯಾರೂ ಬಾಯಿ ಬಿಡಲಿಲ್ಲ.

ಬಡಿಸುವ ಮುದುಕ ಎಲ್ಲರಿಗೂ ಕಾಫಿ ಕೊಟ್ಟ. ಇವರ ಮುಂದೆ ಮಾತ್ರ, ಕೇಳದೆಯೇ, ಬಿಸಿ ಜೀರಿಗೆ ನೀರು ಇಟ್ಟ. ಕಾಫಿ ಇಲ್ಲದೆ ಕಣ್ಣೇ ಬಿಡದ ಮನುಷ್ಯ ಅದನ್ನು ಗುಟುಕು ಗುಟುಕಾಗಿ ಕುಡಿದು ಕೆಮ್ಮಿದರು. ಆ ಕೆಮ್ಮು ನನ್ನ ಗಂಡನದಲ್ಲ. ಇವರು ಕೈಬಿಟ್ಟು ಹೋಗುತ್ತಿದ್ದಾರೆ ಅನ್ನಿಸಿತು.

ಆ ಕಾಲದಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಅದೂ ಕ್ಲಬ್ಬಿನಲ್ಲಿ, ಕಚೇರಿಯ ನಡುವೆ! ನಾನು ಎದ್ದುನಿಂತು "ಮಾದಪ್ಪಾ!" ಎಂದು ಕೂಗಿದೆ. ಪಿಟೀಲು ನಿಂತಿತು. ಇವರು ನಿಧಾನವಾಗಿ ತಿರುಗಿ, ಯಾವುದೋ ಅಪರಿಚಿತ ಹೆಂಗಸಿಗೆ ಹೇಳುವಂತೆ, "ಯಾರನ್ನು ಕರೀತಿದ್ದೀರಿ ತಾಯಿ?" ಎಂದರು.

ಗಂಡಸರ ಸಾಲಿಗೆ ನುಗ್ಗಿ ಕೋಟನ್ನು ಎಳೆದು ತೆಗೆದೆ. ಗುಂಡಿಗಳು ಉದುರಿದವು. ಮತ್ತೆ ಹೆಸರು ಹಿಡಿದು ಕರೆದೆ. ಇವರು ಕಣ್ಣುಜ್ಜಿಕೊಂಡು, "ಏನಮ್ಮಿ, ಮನೆಗೆ ಓಗನ," ಎಂದರು. ಮತ್ತೆಂದೂ ಆ ಕ್ಲಬ್ಬು ನಮ್ಮನ್ನು ಕರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಕೊಟ್ಟೆ. ಇವರು ಲೋಟವನ್ನು ಪಕ್ಕಕ್ಕೆ ಸರಿಸಿ ಜೀರಿಗೆ ನೀರು ಕೇಳಿದರು. ಸಾಯುವವರೆಗೂ ಅದನ್ನೇ ಕುಡಿದರು. ಒಳ್ಳೆಯ ಗಂಡ, ಮಕ್ಕಳನ್ನು ಚೆನ್ನಾಗಿ ಸಾಕಿದರು, ನನ್ನ ಮೇಲೆ ಒಮ್ಮೆಯೂ ಕೈ ಎತ್ತಲಿಲ್ಲ. ಅವರನ್ನು ನಾನೇ ವಾಪಸ್ಸು ಕರೆದು ತಂದೆನೆಂದು ಇಷ್ಟು ವರ್ಷ ಬೀಗುತ್ತಿದ್ದೆ.

ಮೊನ್ನೆ ಆ ಬಾಗಿಲಲ್ಲಿ ನಿಂತಾಗ ಮೊದಲ ಬಾರಿಗೆ ಅನ್ನಿಸಿತು: ಅಂದು ನನ್ನ ಜೊತೆ ಮನೆಗೆ ಬಂದದ್ದು ಯಾರು? ಮೊಮ್ಮಗ ಆಗಲೇ ಒಂದು ತೋಳು ತೂರಿಸಿದ್ದ. "ಬುಡಪ್ಪ, ತೆಗ್ದುಬುಡು. ನಾವು ಓಟ್ಲಲ್ಲಿ ಉಣ್ಣಣ," ಎಂದು ಅವನ ಕೈ ಹಿಡಿದು ಹೊರಗೆ ನಡೆದೆ.