ಅರಕಲಗೂಡಿನ ಮ್ಯಾಗ್ನೆಟೋ

ಗುರುವಾರ ಬೆಳಿಗ್ಗೆ ಹಾಸನದಲ್ಲಿ ಮೈಸೂರು ರೈಲು ಹತ್ತಿದಾಗಲೇ ನನಗೆ ಸಾಕುಸಾಕಾಗಿತ್ತು. ಅಪ್ಪನ ಕಾಲದ ಕಾರಿಗೆ ಜೀವ ಕೊಡುತ್ತೇನೆಂದು ಎರಡು ವರ್ಷದಿಂದ ಒದ್ದಾಡುತ್ತಿದ್ದೆ. ಟಾಪು ಹೊಲಿಸಿದ್ದಾಯಿತು, ಸೀಟಿಗೆ ತೆಂಗಿನ ನಾರು ತುಂಬಿಸಿದ್ದಾಯಿತು, ರೇಡಿಯೇಟರಿಗೆ ಬೆಸುಗೆ ಹಾಕಿಸಿದ್ದಾಯಿತು. ಉಳಿದದ್ದು ಮ್ಯಾಗ್ನೆಟೋ. ಬ್ಯಾಟರಿಯ ಹಂಗಿಲ್ಲದೆ ಎಂಜಿನ್ನಿಗೆ ಕಿಡಿ ಕೊಡುವ ಆ ಪುಟ್ಟ ಯಂತ್ರ ನಮ್ಮದರಲ್ಲಿ ಸುಟ್ಟು ಕೂತಿತ್ತು. ಹೊಸದು ಸಿಗುವ ಮಾತೇ ಇಲ್ಲ, ಅಂಥ ಕಾರು ಬರುವುದೇ ನಿಂತುಹೋಗಿತ್ತು. ಇದರ ಮೇಲೆ ಮನೆ ಪಾಲಾಗಿ ಕಾರು ನಿಂತಿದ್ದ ಶೆಡ್ಡು ಅಣ್ಣನಿಗೆ ಹೋಗಿತ್ತು. ಸೋಮವಾರದೊಳಗೆ ಕಾರು ತಾನಾಗಿ ಓಡಿ ಹೊರಗೆ ಬರದಿದ್ದರೆ ಗುಜರಿಯವನು ಬಂದು ಬಿಚ್ಚಿ ತೂಕಕ್ಕೆ ಒಯ್ಯುತ್ತಾನೆ ಎಂದು ಅಣ್ಣ ಹೇಳಿಬಿಟ್ಟಿದ್ದ.

ಹೊಳೆನರಸೀಪುರಕ್ಕೆ ಇಪ್ಪತ್ತು ಮೈಲಿ. ಕಿಟಕಿಯಿಂದ ಬಂದ ಇದ್ದಲ ಪುಡಿಯೆಲ್ಲ ನನ್ನ ಕಣ್ಣಿಗೇ ಬಿತ್ತು. ಊರೊಳಗೆ ಲಾರಿ ರಿಪೇರಿಯವರನ್ನೆಲ್ಲ ವಿಚಾರಿಸುತ್ತ ಬಿಸಿಲಲ್ಲಿ ಅಲೆದೆ. ಒಬ್ಬ ನಕ್ಕ, ಒಬ್ಬ ಅದರ ಬದಲು ಎತ್ತು ಕಟ್ಟಿ ಎಂದ. ಕೊನೆಗೊಬ್ಬ, ಅರಕಲಗೂಡಿನಲ್ಲಿ ಕೆಂಚಪ್ಪ ಎಂಬ ಮುದುಕ ಡ್ರೈವರ್ ಇದ್ದಾನೆ, ಕಾಫಿ ತೋಟದ ಬಿಳಿ ದೊರೆಯ ಕಾರು ಓಡಿಸುತ್ತಿದ್ದವನು, ಆ ಕಾರಿನ ಮ್ಯಾಗ್ನೆಟೋ ಅವನ ಮನೆಯಲ್ಲೇ ಇದೆ ಎಂದ. ಈ ಮಾತನ್ನು ಬೆಳಿಗ್ಗೆಯೇ ಹೇಳುವವರು ಸಿಕ್ಕಿದ್ದರೆ ಮಧ್ಯಾಹ್ನದ ಬಸ್ಸು ಸಿಗುತ್ತಿತ್ತು. ಹೋಟೆಲಿನ ಹಳಸಲು ಉಪ್ಪಿಟ್ಟು ತಿಂದು ಛತ್ರದಲ್ಲಿ ಮಲಗಿದೆ.

ಶುಕ್ರವಾರ ಅರಕಲಗೂಡಿನ ಬಸ್ಸು ದಾರಿಯಲ್ಲಿ ಎರಡು ಸಲ ನೀರು ಕುಡಿಯಲು ನಿಂತಿತು. ಕೆಂಚಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮ್ಯಾಗ್ನೆಟೋ ಇದ್ದದ್ದು ಅಟ್ಟದ ಮೇಲಲ್ಲ, ದೇವರ ಗೂಡಿನಲ್ಲಿ. ಹಿತ್ತಾಳೆಯೆಲ್ಲ ಫಳಫಳ, ಮೇಲೆ ವಿಭೂತಿ, ಕುಂಕುಮ, ಒಂದು ಕಣಗಿಲೆ ಹೂವು. ದೊರೆ ಊರು ಬಿಟ್ಟಾಗ ಏನು ಬೇಕು ಕೇಳು ಎಂದನಂತೆ. ಕೆಂಚಪ್ಪ ಇದನ್ನು ಕೇಳಿದನಂತೆ.

"ಘಾಟಿ ಮ್ಯಾಲೆ ಒಂದ್ ದಿನಾನೂ ನನ್ನ ಕೈ ಬಿಡ್ನಿಲ್ಲ ಕಣ್ ಸಾ," ಎಂದ ಅವನು. "ಅದ್ಕೇ ದೇವ್ರ ಪಕ್ದಲ್ಲೇ ಮಡಗಿವ್ನಿ."

ಕೊಡಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಒಂದು ಕಾರು ಮತ್ತೆ ಓಡುತ್ತದೆ ಎಂದಾಗ ಅವನ ಕಣ್ಣು ಅರಳಿದ್ದು ನಿಜ. ಅವನ ಹೆಂಡತಿ ಸಣ್ಣಮ್ಮ ಮಾತ್ರ, ಶುಕ್ರವಾರ ಗೂಡಿನ ವಸ್ತು ಹೊಸಿಲು ದಾಟುವ ಹಾಗಿಲ್ಲ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದಳು. ಅವರ ಜಗಲಿಯ ಮೇಲೆ ಹುರಳಿ ಸಾರು, ಮುದ್ದೆ ಉಂಡು, ತಿಗಣೆಗಳ ಜೊತೆ ಮಲಗಿದೆ. ಶನಿವಾರ ಬೆಳಿಗ್ಗೆ ಅವಳು ಮ್ಯಾಗ್ನೆಟೋಗೆ ಚೊಂಬು ಚೊಂಬು ನೀರು ಸುರಿದು ತೊಳೆದು, ಸೆರಗಿನಲ್ಲಿ ಒರೆಸಿ, ವೀಳ್ಯದೆಲೆಯ ಮೇಲಿಟ್ಟು ಕೊಟ್ಟಳು. ನಾನೂ ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ. ನಮ್ಮ ಕಾರಿಗೆ ಕೂರದಿದ್ದರೆ ಭಾನುವಾರದ ಅಮಾವಾಸ್ಯೆ ಪೂಜೆಗೆ ಗೂಡಿಗೆ ವಾಪಸು ಬರಬೇಕು ಎಂದು ಕೆಂಚಪ್ಪ ಮಾತು ತೆಗೆದುಕೊಂಡ.

ಶೆಡ್ಡಿಗೆ ಒಯ್ಯುವ ಮೊದಲು ಬಲ್ಲವರಿಗೆ ತೋರಿಸುವುದು ವಾಸಿ ಎಂದು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲೊಬ್ಬ ಸಾಹೇಬರು ಮೋಟರು, ಡೈನಮೋಗಳಿಗೆ ತಂತಿ ಸುತ್ತುತ್ತಿದ್ದರು. ಬಸ್ಸಿನಲ್ಲಿ ಮೂಟೆಗಳ ನಡುವೆ, ಮ್ಯಾಗ್ನೆಟೋ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಾಲು ಜೋಮು ಹಿಡಿದರೂ ಕೆಳಗಿಡಲು ಧೈರ್ಯ ಬರಲಿಲ್ಲ. ತಲುಪುವಾಗ ಅಂಗಡಿ ಮುಚ್ಚಿತ್ತು.

ಭಾನುವಾರ ಬೆಳಿಗ್ಗೆ ಸಾಹೇಬರು ಅದರ ಮುಚ್ಚಳ ತೆಗೆದರು. ಒಳಗಿಂದ ನೀರು ತೊಟ್ಟಿಕ್ಕಿತು. ತಾಮ್ರದ ಸುತ್ತೆಲ್ಲ ಹಸಿರುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಹುಳಿ ಹಾಲಿನ ವಾಸನೆ ಬೇರೆ.

"ಇದಕ್ಕೆ ವರ್ಷಗಟ್ಟಲೆ ಸ್ನಾನ ಮಾಡ್ಸಿದಾರೆ ಸಾರ್," ಎಂದರು. "ತಂತಿಗೆ ಪಸೆ ತಾಗಬಾರದು. ಇದು ಹೋಗಿ ಬಹಳ ಕಾಲ ಆಯ್ತು."

ಮತ್ತೆ ಸುತ್ತಲು ಬೇಕಾದ ಎಳೆ ಬೊಂಬಾಯಿಯಿಂದ ಬರಬೇಕು, ತಿಂಗಳುಗಳೇ ಹಿಡಿದಾವು ಎಂದರು. ನನಗಿದ್ದದ್ದು ಒಂದು ದಿನ. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಕಣ್ಣೆದುರೇ ಆ ಹೆಂಗಸು ನೀರು ಸುರಿದಿದ್ದಳು, ನಾನು ಕೈ ಮುಗಿದುಕೊಂಡು ನಿಂತಿದ್ದೆ. ಅಳುವುದೋ ನಗುವುದೋ ತಿಳಿಯಲಿಲ್ಲ. ಅಪ್ಪನ ಕಾರು ಮುಗಿಯಿತು ಎಂಬುದಷ್ಟೇ ತಿಳಿಯಿತು.

ಹಾಸನದ ಬಸ್ಸಿನಲ್ಲಿ ಶಾಂತಿಗ್ರಾಮ ದಾಟಿದ್ದೂ ಗೊತ್ತಾಗಲಿಲ್ಲ, ನಿದ್ದೆ ಹೋಗಿದ್ದೆ. ಹಾಸನದಲ್ಲಿ ಇಳಿದಾಗ ಮನೆ ಹತ್ತು ನಿಮಿಷದ ದಾರಿ. ಸ್ನಾನ, ಬಿಸಿ ಅನ್ನ, ಚಾಪೆ, ಎಲ್ಲ ಅಲ್ಲೇ ಇತ್ತು. ಕೊಟ್ಟ ಮಾತನ್ನು ಬೈದುಕೊಳ್ಳುತ್ತ ಅರಕಲಗೂಡಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಮಾತು ಮಸೆಯುತ್ತಿದ್ದೆ: ನೀವೇ ನೀರು ಹಾಕಿ ಹಾಕಿ ಇದನ್ನು ಕೊಂದಿರಿ.

ಗೂಡು ಸಾರಿಸಿ ದೀಪ ಹಚ್ಚಿಟ್ಟಿದ್ದರು. ಕೆಂಚಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ನನ್ನ ಕೈಯಲ್ಲಿದ್ದದ್ದನ್ನು ಕಂಡು ಅವನ ಮುಖದ ಮೇಲೆ ಬಂದ ನೆಮ್ಮದಿಯನ್ನು ಅವನಿಗೆ ಮುಚ್ಚಿಡಲಾಗಲಿಲ್ಲ. ಮಸೆದ ಮಾತು ನಾಲಿಗೆಗೆ ಬರಲಿಲ್ಲ. ಅಳತೆ ಕೂರಲಿಲ್ಲ ಎಂದೆ. ಕಂಡವರ ಕೈಯೆಲ್ಲ ತಿರುಗಿ ಬಂದಿದೆ ಎಂದು ಸಣ್ಣಮ್ಮ ಅದಕ್ಕೆ ಒಂದು ಚೊಂಬು ನೀರು, ಆಮೇಲೆ ಹಾಲು ಸುರಿದಳು. ನೋಡುತ್ತ ನಿಂತೆ. ಸಿಟ್ಟೆಲ್ಲ ಎಲ್ಲಿ ಇಳಿದುಹೋಯಿತೋ.

ನಿಮ್ಮ ಗಾಡಿಯ ಗತಿ ಏನು ಎಂದು ಕೆಂಚಪ್ಪ ಕೇಳಿದ. ನಾಳೆ ಗುಜರಿಗೆ ಎಂದೆ.

"ಸ್ಟೇರಿಂಗ್ ಚಕ್ರನಾದ್ರೂ ಬಿಚ್ಕಂಡು ಬಂದ್ಬುಡಿ ಸಾ," ಎಂದ. "ನಿಮ್ಮಪ್ಪೋರು ಕೈ ಮಡಗಿದ್ದು. ಅದ್ನ ತೂಕಕ್ಕೆ ಆಕ್ಬ್ಯಾಡಿ. ಇಲ್ಲೇ ಇದ್ರ ಪಕ್ಕ ಜಾಗ ಐತೆ."

ಆಯಿತು ಎಂದೆ. ಕಡೆಯ ಬಸ್ಸಿಗೆ ಹಾಸನ ಸೇರಿದೆ. ಸೋಮವಾರ ಅಣ್ಣ ಏಳುವ ಮೊದಲೇ ಎದ್ದು, ಸ್ಪ್ಯಾನರ್ ಹಿಡಿದು ಶೆಡ್ಡಿನ ಬಾಗಿಲು ತೆಗೆದೆ.